ಸಲೀಮಾ ಅಕ್ಕನ ನಾನೂರ ಹನ್ನೆರಡು ಅಳತೆ

ಸಲೀಮಾ ಅಕ್ಕ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಗುಬ್ಬಿಯಲ್ಲಿ ಹೊಲಿಗೆ ಅಂಗಡಿ ಹಾಕಿದ ಹೊಸದರಲ್ಲಿ ಬರೆಯುತ್ತಿದ್ದರಂತೆ. ಕಾಯುತ್ತಾ ಕೂತ ಹೆಂಗಸರು ಪುಸ್ತಕ ತಿರುವಿ ಹಾಕಿ, ಯಾರ ಸೊಂಟ ಎಷ್ಟು ಎಂದು ಬೀದಿಗೆಲ್ಲ ಹೇಳಿದ ಮೇಲೆ ಬಿಟ್ಟರು. ಈಗ ಟೇಪು ಹಿಡಿದು, ಫೋನನ್ನು ಬಾಯಿಗೆ ತಂದುಕೊಂಡು, ಪಿಸುದನಿಯಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ.

ಹೊಸ ಫೋನು ಕೊಂಡಾಗ ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಹಾಕಿಸಬೇಕಿತ್ತು. ಮೊಬೈಲ್ ಅಂಗಡಿಗೆ ಕೊಡಲು ಒಪ್ಪದೆ ನನ್ನನ್ನು ಕರೆಸಿದರು.

"ಅಲ್ಲಿ ಹುಡುಗ್ರು ಕೇಳಿಸ್ಕೊಂಡ್ರೆ ನಾನು ಅಂಗ್ಡಿ ಬಾಗ್ಲು ಹಾಕ್ಬೇಕಷ್ಟೆ ಕಣೇ ಮಧುಶ್ರೀ. ನೀನು ಕಂಪ್ಯೂಟರ್ ಓದಿದೀಯಲ್ಲ."

ಓದಿದ್ದು ತುಮಕೂರಿನ ಸಂಜೆ ತರಗತಿಯಲ್ಲಿ, ಆರು ತಿಂಗಳು. ನಾನು ಪಾಸಾಗಿದ್ದು ಯಾರದೋ ಕಣ್ತಪ್ಪಿನಿಂದ ಎಂಬ ಅನುಮಾನ ಇಂದಿಗೂ ಇದೆ. ಆದರೂ ಹೋದೆ. ಹಳೆಯ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ, ಅಂದೇ ತುಮಕೂರಿಗೆ ಎಕ್ಸ್‌ಚೇಂಜಿಗೆ ಒಯ್ಯಬೇಕಿತ್ತು. ಅಕ್ಕನ ಯಜಮಾನರು ಖಲೀಲುಲ್ಲಾ ಹೆಲ್ಮೆಟ್ ಹಾಕಿ, ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದರು.

ಎರಡೂ ಫೋನನ್ನು ಪಕ್ಕಪಕ್ಕ ಇಟ್ಟೆ. ಒಂದಷ್ಟು ಹೊತ್ತಿಗೆ ನೂರಕ್ಕೆ ನೂರು ಎಂದು ಹಸಿರು ಟಿಕ್ ಬಂತು.

"ಆಯ್ತಲ್ಲಮ್ಮ, ಅಳ್ಸಾಕಿ ಕೊಡು."

"ಒಂದ್ನಿಮಿಷ ಅಣ್ಣ, ಎಣಿಸ್ತೀನಿ."

"ಫೋನೇ ಆಯ್ತು ಅಂತೈತೆ. ನೀನೇನು ಫೋನ್‌ಗೂ ಮೇಷ್ಟ್ರಾ?"

ಅಕ್ಕನೂ ನಕ್ಕರು. "ಬೀಗ ಹಾಕಿ ಮೂರು ಸಲ ಎಳೆದು ನೋಡೋಳು ಬಿಡ್ರಿ ಇವ್ಳು."

ಮೂರಲ್ಲ, ನಾಲ್ಕು ಸಲ. ಕಿವಿ ಬಿಸಿಯಾಯಿತು. ಆದರೂ ಎಣಿಸಿದೆ. ಫೋಟೊ, ಹೆಸರು, ನಂಬರು ಎಲ್ಲ ಬಂದಿದ್ದವು. ರೆಕಾರ್ಡಿಂಗು ಹಳೆಯದರಲ್ಲಿ ನಾನೂರ ಹನ್ನೆರಡು, ಹೊಸದರಲ್ಲಿ ಸೊನ್ನೆ. ನಾನೇ ತಪ್ಪು ನೋಡಿರಬೇಕೆಂದು ಮತ್ತೆ ನೋಡಿದೆ. ಸೊನ್ನೆ.

"ಅಕ್ಕ, ಅಳ್ತೆ ಒಂದೂ ಬಂದಿಲ್ಲ."

ಸ್ಕೂಟರ್ ಆಫ್ ಆಯಿತು. ಅಕ್ಕ ಕತ್ತರಿ ಕೆಳಗಿಟ್ಟರು. ಬೆಳ್ಳಾವಿಯ ಮದುವೆ ಮನೆಯ ಇಪ್ಪತ್ತು ರವಿಕೆಗಳ ಅಳತೆ ಅದರಲ್ಲೇ ಇತ್ತು. ಒಂದನ್ನೂ ಇನ್ನೂ ಕತ್ತರಿಸಿರಲಿಲ್ಲ.

ತರಗತಿಯ ನೋಟ್ಸ್ ನೆನಪಿಸಿಕೊಳ್ಳುತ್ತಾ ರೆಕಾರ್ಡಿಂಗ್ ಇದ್ದ ಫೋಲ್ಡರನ್ನು ಹುಡುಕಿ, ಅದನ್ನೇ ಇಡಿಯಾಗಿ ಹೊಸ ಫೋನಿಗೆ ಕಳಿಸಿದೆ. ಹನ್ನೊಂದು ನಿಮಿಷ ಹಿಡಿಯಿತು. ನಾನೂರ ಹತ್ತು, ಹನ್ನೊಂದು, ಹನ್ನೆರಡು.

ಕೇಳಿಸುತ್ತದೆಯೇ ಎಂದು ಕೊನೆಯದನ್ನು ಒತ್ತಿದೆ. ಅಕ್ಕನ ಪಿಸುದನಿ: "ಮಧುಶ್ರೀ. ಭುಜ ಹದಿಮೂರೂವರೆ. ಬಗ್ಗಿಕೊಂಡೇ ನಿಲ್ತಾಳೆ, ಎಷ್ಟು ಹೇಳಿದ್ರೂ ಕೇಳಲ್ಲ. ನೆಟ್ಟಗೆ ನಿಂತ ದಿನ ಇನ್ನೊಂದ್ಸಲ ತಗೋಬೇಕು."

ಖಲೀಲುಲ್ಲಾ ಕೇಳಿಸದವರಂತೆ ಬೀದಿ ಕಡೆ ತಿರುಗಿದರು. ಅಕ್ಕ ಕೊರಳಿನ ಟೇಪು ತೆಗೆದರು. "ಏಳೇ ಮೇಲೆ."

"ಹಳೇದನ್ನ ಅಳಿಸೋ ಮುಂಚೆ ಇನ್ನೊಂದ್ಸಲ ಎಣಿಸ್ಬೇಕಲ್ಲ ಅಕ್ಕ..."

ಹೆಲ್ಮೆಟ್ ತೆಗೆದು ಸ್ಟೂಲಿನ ಮೇಲೆ ಕೂತವರು ಖಲೀಲುಲ್ಲಾ. "ಎಣಿಸಮ್ಮ. ನಿಧಾನಕ್ಕೆ ಎಣಿಸು."

ಎಣಿಸಿದೆ. ಸರಿಯಾಗಿತ್ತು. ಅಳಿಸಿ ಕೊಟ್ಟು, ಎದ್ದು ನಿಂತೆ. ನಾನೂರ ಹದಿಮೂರನೆಯ ಅಳತೆಯನ್ನು ಅಕ್ಕ ಪಿಸುಗುಟ್ಟಲಿಲ್ಲ. ಬೀದಿಗೆಲ್ಲ ಕೇಳುವಂತೆ ಹೇಳಿದರು:

"ಮಧುಶ್ರೀ. ಭುಜ ಹದಿನಾಲ್ಕು!"