ನಾಲ್ಕನೇ ಮೂಲೆ

ಓಬಳರಾಜು ಅಣ್ಣನ ಉಡಿದಾರಕ್ಕೆ ಬ್ಲೇಡು ಹಚ್ಚುವಷ್ಟರಲ್ಲಿ ಅತ್ತಿಗೆ ಜಯಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು.

"ಕುಯ್ಬ್ಯಾಡ ರಾಜು. ಮೊದ್ಲು ದಾರದಲ್ಲಿರೋ ಬಿಲ್ಲೇನ ನೋಡು."

ಅಂಗಳದ ಹಲಗೆಯ ಮೇಲೆ ಕದರಪ್ಪನ ಹೆಣ. ಹಂಡೆಯಿಂದ ನೀರು ತೋಡಿ ಹುಯ್ಯುತ್ತಿದ್ದವರ ಕೈ ಅಲ್ಲಲ್ಲೇ ನಿಂತಿತು.

"ಇನ್ನೇನ್ ನೋಡೋದು ಕಣಮ್ಮ?" ಎಂದರು ಚನ್ನಮಲ್ಲಯ್ಯ. ಬಡವನಹಳ್ಳಿಯ ಈ ಬೀದಿಯಲ್ಲಿ ಯಾರೇ ಹೋದರೂ ಮುಂದೆ ನಿಂತು ಮಣ್ಣು ಮಾಡಿಸುವವರು ಅವರೇ. "ಡಾಕ್ಟ್ರು ನೋಡವ್ರೆ, ನೆಂಟ್ರು ನೋಡವ್ರೆ. ನೀನು ಇಂಗೇ ನೋಡ್ತಾ ಕೂತ್ರೆ ಹೊತ್ತು ಮುಳುಗೋದನ್ನೂ ನೋಡ್ಬೇಕಾಯ್ತದೆ."

"ಮುಳುಗ್ಲಿ ಬುಡಿ. ಹೋದ್ಸಲ ನೀವೇ ಅಲ್ವಾ ಚಟ್ಟಕ್ಕೆ ಬಿದಿರು ಕಡಿಸಿದ್ದು? ಕಟ್ಟೋ ಹೊತ್ಗೆ ಇವ್ರು ಎದ್ದು ಕೂತು ಕಾಪಿ ಕೇಳ್ಲಿಲ್ವಾ?"

ಚನ್ನಮಲ್ಲಯ್ಯ ಕೆಮ್ಮಿ ಬೇರೆ ಕಡೆ ತಿರುಗಿದರು. ಹೆಂಗಸರ ಗುಂಪಿನಲ್ಲಿ ಯಾರಿಗೋ ನಗು ಬಂದು, ಸೆರಗು ಬಾಯಿಗೆ ಅಡ್ಡ ಹೋಯಿತು.

ಜಯಕ್ಕ ಮಾತ್ರ ನಗಲಿಲ್ಲ. ಬೆಳಗಿನಿಂದ ಅವಳು ಗಂಡನ ಮೂಗಿನ ಹತ್ತಿರ ಕೈ ಹಿಡಿದು ಹಿಡಿದು ಸೋತಿದ್ದಳು. ಉಸಿರು ಇರಲಿಲ್ಲ. ಹೋದ ಸಲವೂ ಇರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಗಂಡನ ಜೇಬಿನಲ್ಲಿ ಸಿಕ್ಕ ಅಂಥದ್ದೊಂದು ಬಿಲ್ಲೆಯನ್ನು ಅವಳು ಬಂಗಾರ ಎಂದುಕೊಂಡಿದ್ದಳು. ಉಗುರಿನಗಲದ ಚೌಕ, ನಡುವೆ ತೂತು, ಹಳದಿ ಹೊಳಪು. ಕದರಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

"ಲೇ, ಇದು ಲೇತಲ್ಲಿ ಉಕ್ಕು ಕೆರೆಯೋ ಇನ್ಸರ್ಟು ಕಣೇ. ಹಳದೀದು ಬರೀ ಮೇಲ್ಗಡೆ ಕೋಟಿಂಗು, ಕಾವು ತಡೀಲಿ ಅಂತ. ಒಂದು ಮೂಲೆ ಸವೀತು ಅಂದ್ರೆ, ತಿರುಗ್ಸಿ ಇನ್ನೊಂದು ಮೂಲೆ ಕೂರಿಸ್ತೀವಿ. ಸವೆದಿದ್ದಕ್ಕೆ ಗುರುತಿಗೆ ಒಂದು ಚುಕ್ಕೆ."

ಅಣ್ಣ ತಮ್ಮ ಇಬ್ಬರೂ ಮಧುಗಿರಿಯ ಶೆಡ್ಡಿನಲ್ಲಿ ಅಕ್ಕಪಕ್ಕದ ಲೇತುಗಳಲ್ಲಿ ಬೋರ್‌ವೆಲ್ ಪಂಪಿನ ಶಾಫ್ಟು ಹೊಡೆಯುತ್ತಿದ್ದರು. ಒಂದು ದಿನ ಕದರಪ್ಪನ ಹೆಗಲ ಟವೆಲು ಲೇತಿನ ತಿರುಗುವ ಚಕ್‌ಗೆ ಸಿಕ್ಕಿ ಕೊರಳು ಬಿಗಿಯಿತು. ಅದೇ ಗಳಿಗೆಗೆ ಬೆಲ್ಟು ಹರಿಯದಿದ್ದರೆ ಉಳಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದವನೇ ಹೊಸ ಇನ್ಸರ್ಟೊಂದರ ಮೂಲೆಗೆ ಮಾರ್ಕರಿನಲ್ಲಿ ಕಪ್ಪು ಚುಕ್ಕೆಯಿಟ್ಟು ಉಡಿದಾರಕ್ಕೆ ಪೋಣಿಸಿಕೊಂಡ.

"ಒಂದು ಮೂಲೆ ಹೋಯ್ತು ಜಯಾ. ತಿರುಗ್ಸಿಕೊಂಡು ಬಂದ್ಬುಟ್ಟೆ."

ಹೊಳವನಹಳ್ಳಿ ತಿರುವಿನಲ್ಲಿ ಲಾರಿಯ ಕೆಳಗೆ ಬೈಕು ಹೋಗಿ ಇವನೊಬ್ಬ ಈಚೆ ಬಿದ್ದಾಗ ಎರಡನೆಯದು. ಹೋದ ವರ್ಷ ಜ್ವರದಲ್ಲಿ ಎಲ್ಲರೂ ಕೈಬಿಟ್ಟ ಮೇಲೆ ಎದ್ದು ಕಾಫಿ ಕೇಳಿದಾಗ ಮೂರನೆಯದು. ಆವತ್ತು ಜಯಕ್ಕ ಅತ್ತಿದ್ದಳು.

"ಇನ್ನೊಂದೇ ಉಳೀತಲ್ಲಾ."

"ಒಂದು ಮೂಲೇಲಿ ಎಷ್ಟು ಶಾಫ್ಟ್ ಹೊಡೀಬೋದು ಗೊತ್ತಾ ನಿಂಗೆ?" ಎಂದು ಅವಳ ಕೈಯನ್ನು ತನ್ನ ಒರಟು ಅಂಗೈಯೊಳಗೆ ಮುಚ್ಚಿಕೊಂಡಿದ್ದ. "ನೋಡು, ಅದಕ್ಕೂ ಚುಕ್ಕೆ ಬೀಳೋಗಂಟ ನನ್ನ ಮಣ್ಣಿಗೆ ಹಾಕಿಸ್ಬ್ಯಾಡ. ಯಾರು ಏನೇ ಅಂದ್ರೂ."

*

ಓಬಳರಾಜು ಬಾಗಿ ಇನ್ಸರ್ಟನ್ನು ಎರಡು ಬೆರಳಲ್ಲಿ ಎತ್ತಿದ.

"ಬೆಚ್ಚಗೈತಲ್ಲ..." ಎಂದವನು, ತಾನೇ ಸಮಾಧಾನ ಹೇಳಿಕೊಂಡ. "ಬಿಸಿನೀರು ಹುಯ್ದಿದ್ದೀವಲ್ಲ, ಅದಕ್ಕೆ."

ಮೈಗೂ ಅದೇ ನೀರು ಹುಯ್ದಿದ್ದರು. ಮೈ ಕಲ್ಲಿನಂತೆ ತಣ್ಣಗಿತ್ತು.

"ಎಷ್ಟವೆ?" ಜಯಕ್ಕ ಕೇಳಿದಳು.

ಮೂರು ಚುಕ್ಕೆ ಮಾಸಿದ್ದವು. ನಾಲ್ಕನೆಯದು ಅಚ್ಚ ಕಪ್ಪು, ಈಗ ತಾನೇ ಇಟ್ಟ ಹಾಗೆ.

"ನಾಲ್ಕೂ ಅವೆ ಅತ್ಗೆ."

"ಯಾವಾಗ ಇಟ್ಟ್ರೋ? ರಾತ್ರಿಯೆಲ್ಲಾ ಪಕ್ಕದಲ್ಲೇ ಮಲಗಿದ್ದೆನಲ್ಲೋ ನಾನು!"

ಓಬಳರಾಜುವಿನ ಹೆಬ್ಬೆರಳು ಇನ್ಸರ್ಟಿನ ಅಡಿಭಾಗವನ್ನು ಸವರುತ್ತಿತ್ತು. ಏನೋ ಹೇಳಲು ಬಾಯಿ ತೆರೆದ. ಚನ್ನಮಲ್ಲಯ್ಯ, "ಆಯ್ತಲ್ಲಪ್ಪ ನಿಮ್ಮ ಲೆಕ್ಕ? ನಡೀರಿ" ಎಂದರು. ಅವನು ಬಾಯಿ ಮುಚ್ಚಿಕೊಂಡು ದಾರ ಕತ್ತರಿಸಿ ಇನ್ಸರ್ಟನ್ನು ಅತ್ತಿಗೆಯ ಕೈಗೆ ಹಾಕಿದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊಲದ ಹೊಂಗೆಮರದ ಪಕ್ಕ ಗುಣಿ ತೋಡಿದ್ದರು. ಅವಳು ಹಿಡಿಮಣ್ಣು ಹಾಕುವಾಗ ಸೊಂಟದ ಗಂಟು ಸುರ್ರೆಂದು ಬಿಸಿಯಾಯಿತು. ಬಿಸಿಲಿಗಿರಬೇಕು ಎಂದುಕೊಂಡಳು. ನಿಂತಿದ್ದದ್ದು ಮಾತ್ರ ಮರದ ನೆರಳಿನಲ್ಲಿ.

*

ದೀಪ ಹಚ್ಚುವ ಹೊತ್ತು. ನೆಂಟರು ಸ್ನಾನಕ್ಕೆಂದು ಚದುರಿದ್ದರು. ಮನೆಯೊಳಗೆ ರಾತ್ರಿ ಗಂಡ ಮಲಗಿದ್ದ ಜಾಗದಲ್ಲಿ ಹಣತೆಯಿಟ್ಟು ಜಯಕ್ಕ ಕೂತಿದ್ದಳು. ಓಬಳರಾಜು ಗುದ್ದಲಿಯನ್ನು ಬಾಗಿಲ ಪಕ್ಕ ಗೋಡೆಗೆ ಒರಗಿಸಿ, ಒಳಗೆ ಬರದೆ ಹೊಸ್ತಿಲ ಆಚೆಯೇ ಕುಕ್ಕರಗಾಲಲ್ಲಿ ಕೂತ.

"ಅತ್ಗೆ, ಒಂದು ಮಾತು. ಆಗ್ಲೇ ಹೇಳ್ಬೇಕಿತ್ತು. ಜನ ಇದ್ರು, ಧೈರ್ಯ ಬರ್ಲಿಲ್ಲ."

"ಏನೋ?"

"ಅಣ್ಣನ ಹತ್ರ ಇದ್ದ ಇನ್ಸರ್ಟು ಒಂದೇ ಮಗ್ಗುಲಿನದ್ದಲ್ಲ. ಮೇಲಿನ ನಾಲ್ಕು ಮೂಲೆ ಮುಗುದ್ರೆ ಎಸೆಯಲ್ಲ ನಾವು. ಮಗುಚಿ ಕೂರಿಸ್ತೀವಿ. ಹಿಂದ್ಗಡೆನೂ ನಾಲ್ಕೈತೆ."

ಜಯಕ್ಕ ಅವನನ್ನೇ ನೋಡಿದಳು. "ಅವ್ರು ನಂಗೆ ಹೇಳೇ ಇರ್ಲಿಲ್ಲವಲ್ಲೋ."

"ಬೆಳಿಗ್ಗೆ ಬೆರಳಾಡ್ಸಿ ನೋಡ್ದೆ. ಹಿಂದ್ಗಡೆ ನಾಲ್ಕೂ ಚೂಪಾಗವೆ, ಒಂದನ್ನೂ ಮುಟ್ಟಿಲ್ಲ. ಅದಕ್ಕೇ ಮನ್ಸಿಗೆ ಒಂಥರಾ ಆಗಿ..." ಎಂದು ಜೇಬಿನಲ್ಲಿದ್ದ ಶೆಡ್ಡಿನ ಬೀಗದಕೈ ಮುಟ್ಟಿ ನೋಡಿಕೊಂಡ. ಇವತ್ತು ಶೆಡ್ಡಿನ ಬಾಗಿಲು ಯಾರೂ ತೆಗೆದಿರಲಿಲ್ಲ.

ಜಯಕ್ಕ ಸೆರಗಿನ ಗಂಟು ಬಿಚ್ಚಿದಳು. ಗಂಟಿನೊಳಗಿನ ಬಟ್ಟೆ ಕಂದಿತ್ತು. ಇನ್ಸರ್ಟನ್ನು ದೀಪದ ಬೆಳಕಿಗೆ ಹಿಡಿದು ಮಗುಚಿದಳು.

ಮೂರು ಮೂಲೆ ಹಳದಿಯಾಗಿ ಹೊಳೆಯುತ್ತಿದ್ದವು. ನಾಲ್ಕನೆಯದರ ಹೊಳಪು ಹಾರಿಹೋಗಿ ಕಪ್ಪಗಾಗಿತ್ತು. ಅದರ ತುದಿಗೆ ಎಳೆಯಷ್ಟು ತೆಳ್ಳಗಿನ ಉಕ್ಕಿನ ಸುರುಳಿಯೊಂದು ಕಚ್ಚಿಕೊಂಡಿತ್ತು, ಓಡುತ್ತಿರುವ ಲೇತಿನಿಂದ ಆಗಷ್ಟೇ ಬಿಡಿಸಿದಂತೆ, ನೀಲಿ. ಆ ಮೂಲೆಗೆ ಚುಕ್ಕೆ ಇರಲಿಲ್ಲ, ಇನ್ನೂ ಕೆಲಸದಲ್ಲಿರುವ ಮೂಲೆಯ ಹಾಗೆ.

ಬೆರಳು ಸುಟ್ಟು ಅವಳು ಕೈಬಿಟ್ಟಳು. ಅದು ಹಣತೆಯೊಳಗೆ ಬಿತ್ತು. ಎಣ್ಣೆ ಚುರ್ರೆಂದಿತು.

ಓಬಳರಾಜು ಎದ್ದು ನಿಂತ. ಜಯಕ್ಕ ಅವನ ಪಕ್ಕದಲ್ಲೇ ಹೊಸ್ತಿಲು ದಾಟಿದಳು. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ತೆಗೆದು ಹೆಗಲಿಗೇರಿಸಿಕೊಂಡಳು. ಅದಕ್ಕೆ ಮೆತ್ತಿದ್ದ ಮಣ್ಣು ಇನ್ನೂ ಹಸಿಯಾಗಿತ್ತು.