ಮೇಲಿನಿಂದ ಸುರಿದ ಮಜ್ಜಿಗೆ

ಸಕ್ಕರೆ ಕಾಯಿಲೆಯ ಮಲ್ಲೇಶ್ವರಮ್ಮನ ಕಾಲಿನಲ್ಲಿ ಹುಣ್ಣಾಗಿತ್ತು. ಗಂಗಾವತಿಯ ಒಂದು ದವಾಖಾನೆಯಲ್ಲಿ ನರ್ಸಾಗಿದ್ದ ಅನುಸೂಯಾ ಕೆಲಸ ಮುಗಿಸಿ ದಿನಾ ಸ್ಕೂಟಿಯಲ್ಲಿ ಮರಳಿ ಎಂಬ ಹಳ್ಳಿಗೆ ಬಂದು ಆಕೆಯ ಪಟ್ಟಿ ಬದಲಿಸುತ್ತಿದ್ದಳು. ಮುದುಕಿ ಮಾತಿನಮಲ್ಲಿ. ಊರ ಸುದ್ದಿಯೆಲ್ಲ ಹೇಳಿ ಮುಗಿದ ಮೇಲೆ ಒಂದು ದಿನ ಕೇಳಿದಳು:

"ನಿಂದು ಯಾವೂರವ್ವ? ಯಾರ ಪೈಕಿ?"

"ಇದ ಊರ್ರಿ, ಅಮ್ಮಾರ. ಕೇರಿ ಮಾರೆವ್ವನ ಮಗಳು. ನಿಮ್ಮ ಗದ್ದಿಗೆ ನಾಟಿ ಹಚ್ಚಾಕ ಬರ್ತಿದ್ದಳಲ್ರಿ. ಈಗ ಗಂಗಾವತ್ಯಾಗ ನನ್ನ ಕೂಡನ ಅದಾಳ."

ಮಲ್ಲೇಶ್ವರಮ್ಮನ ಮುಖ ಅರಳಿತು. "ಮಾರೆವ್ವನ ಮಗಳೇನ ನೀ. ಆಕಿನ್ನ ಕೇಳಿ ನೋಡು. ಉಳಿದ ಮನ್ಯಾಗ ಕೂಲಿಯವ್ರಿಗೆ ಬರೇ ನೀರು. ನಾ ಉಪ್ಪು, ಜೀರಗಿ ಹಾಕಿ ಹೊಟ್ಟಿ ತುಂಬ ಮಜ್ಜಿಗಿ ಕೊಡ್ತಿದ್ದೆ."

ಸುಳ್ಳಲ್ಲ. ಆ ಮಜ್ಜಿಗೆಯ ರುಚಿಯನ್ನು ಅವ್ವ ಈಗಲೂ ಹೊಗಳುತ್ತಾಳೆ. ಆದರೆ ಚಿಕ್ಕಂದಿನಲ್ಲಿ ಕಂಡು ಅನುಸೂಯಾಳ ಕಣ್ಣಿಗೆ ಕಟ್ಟಿದ್ದು ಬೇರೆ. ಮಲ್ಲೇಶ್ವರಮ್ಮ ಕಟ್ಟೆಯ ಮೇಲೆ ನಿಂತಿರುತ್ತಿದ್ದಳು. ಅವ್ವ ಕೆಳಗೆ ಬಾಗಿ ಬೊಗಸೆಯೊಡ್ಡುತ್ತಿದ್ದಳು. ಮುಟ್ಟಬಾರದೆಂದು ಮೇಲಿನಿಂದ ಸುರಿದ ಮಜ್ಜಿಗೆ ಮೊಣಕೈಗುಂಟ ಇಳಿದು ಸೀರೆ ತೊಯ್ಯುತ್ತಿತ್ತು.

"ಮ್ಯಾಲಿಂದ ಸುರುವುತಿದ್ರಿ," ಎಂದಳು ಹತ್ತಿ ಒದ್ದೆ ಮಾಡುತ್ತಾ.

"ಆಗ ಹಂಗ ಇತ್ತವ್ವ. ಅಷ್ಟು ಕೊಟ್ಟಿದ್ದಕ್ಕನ ನಮ್ಮತ್ತಿ ನನ್ನ ಬೈತಿದ್ದಳು."

ಮನೆಗೆ ಬಂದು ಇದನ್ನು ಹೇಳಿದಾಗ ಮಾರೆವ್ವ ಮಗಳನ್ನೇ ಬೈದಳು.

"ಬ್ಯಾನಿ ತಿನ್ನಾಕತ್ತಿದಾಕಿ ಮುಂದ ಅದನ್ಯಾಕ ತಗದಿ? ನೀ ಹೊಟ್ಟ್ಯಾಗಿದ್ದಾಗ ಆಕಿ ನನ್ನ ಕೆಸರಿಗೆ ಇಳಸಲಿಲ್ಲ. ಗದ್ದಿ ದಂಡಿ ಮ್ಯಾಲ ಕುಂಡ್ರಿಸಿ ಸಸಿ ಕಟ್ಟು ಬಿಚ್ಚೂ ಕೆಲಸ ಕೊಟ್ಲು."

"ಬೊಗಸಿ ಒಡ್ಡುವಾಗ ನಿನಗ ಏನೂ ಅನಸ್ತಿರಲಿಲ್ಲೇನು?"

"ಅನಸ್ತಿತ್ತು. ನೀರಡಿಕಿನೂ ಆಗಿರ್ತಿತ್ತು."

ಮರುದಿನ ಮಲ್ಲೇಶ್ವರಮ್ಮ ಯಾವ ಸುದ್ದಿಯನ್ನೂ ತೆಗೆಯಲಿಲ್ಲ. ಪಟ್ಟಿ ಬಿಚ್ಚುವಾಗ ಮೆಲ್ಲಗೆ ಕೇಳಿದಳು: "ನಿಮ್ಮವ್ವ ನನ್ನ ಬೈತಾಳೇನ?"

"ಇಲ್ರಿ. ಬೈಯಂಗಿಲ್ಲ ಅಂತನ ನನಗ ಸಿಟ್ಟು."

ಮುದುಕಿ ಮೈ ಸರಿಸಿ ಮಂಚದ ಮೇಲೆ ಜಾಗ ಮಾಡಿದಳು. "ಕೆಳಗ ಯಾಕ ಕುಂತಿ, ಮ್ಯಾಲ ಬಾ."

"ಕೆಳಗ ಕುಂತ್ರನ ಹುಣ್ಣು ಛಲೋ ಕಾಣ್ತೈತ್ರಿ," ಎಂದು ಅನುಸೂಯಾ ಆ ಕಾಲನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡಳು. "ನೋವಾದ್ರ ಹೇಳ್ರಿ."

ಸಿಟ್ಟು ಇನ್ನೂ ಹೋಗಿರಲಿಲ್ಲ. ಕೈ ಮಾತ್ರ ಹಗುರವಾಗಿಯೇ ಓಡುತ್ತಿತ್ತು.