ಭಾವನ ಹೆಸರಿಗೆ, ನಮ್ಮ ನಂಬರಿಗೆ

ನಮ್ಮ ಇವರು ಲಿಫ್ಟ್ ರಿಪೇರಿಯವರು. ಲಿಫ್ಟಿನ ನೆತ್ತಿಯ ಮೇಲೆ ಕೂತು, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡಿರುವ ಹೊತ್ತಿಗೆ ಸರಿಯಾಗಿ ಫೋನ್ ಬಡಿದುಕೊಳ್ಳುತ್ತದೆ. ಯಾರೋ ಎಲ್ಲೋ ಒಳಗೆ ಸಿಕ್ಕಿಹಾಕಿಕೊಂಡು ಕರೆಯುತ್ತಿರಬಹುದು, ಹಾಗಾಗಿ ಎತ್ತದೆ ವಿಧಿಯಿಲ್ಲ. ಎತ್ತಿದರೆ ಹಾಸಿಗೆ ಮಾರುವ ಹುಡುಗಿ. ಅವಳನ್ನು ಸಾಗಹಾಕಿದರೆ ಜಿಮ್ಮಿನವನು, ಅವನ ಬೆನ್ನಿಗೇ ನೀರಿನ ಫಿಲ್ಟರಿನವರು. ಕಳೆದ ವಾರ ಇಂಥದೇ ಒಂದು ಕರೆಗೆ ಇವರ ಕೈಯಿಂದ ಸ್ಪ್ಯಾನರ್ ಜಾರಿ, ಕೆಳಗೆ ನಿಂತಿದ್ದ ಕಟ್ಟಡದ ಮ್ಯಾನೇಜರನ ಬೂಟಿನ ಪಕ್ಕಕ್ಕೇ ಬಿತ್ತು. ಆತ ಬಹಳ ಹೊತ್ತು ಬೂಟನ್ನೇ ನೋಡುತ್ತ ನಿಂತಿದ್ದನಂತೆ.

ನಂಬರ್ ಬದಲಾಯಿಸಿ ಅಂದರೆ, ಇವರು ರಿಪೇರಿ ಮಾಡಿದ ಲಿಫ್ಟುಗಳ ಒಳಗೆಲ್ಲ ಅದೇ ನಂಬರಿನ ಚೀಟಿ ಅಂಟಿಸಿದ್ದಾರೆ. ಕೊನೆಗೆ ಭಾನುವಾರ ನಾನೇ ಸೊಂಟ ಕಟ್ಟಿ ನಿಂತೆ. ನಾನು ಮನೆಯಲ್ಲೇ ಕರ್ಟನ್ ಹೊಲಿಯುವವಳು. ಕೈಗೆ ಕೆಲಸವಿದ್ದರೂ ಬಾಯಿ ಖಾಲಿ ಇರುತ್ತದೆ, ಜಗಳಕ್ಕೆ ಅಷ್ಟು ಸಾಕು.

ಮೊದಲು ಮಾರಾಟದ ಕರೆ ಬೇಡವೆಂದು ಫೋನ್ ಕಂಪನಿಯಲ್ಲಿ ನೋಂದಾಯಿಸಿದೆ. ಆಮೇಲೆ ಇಮೇಲಿಗೆ ಕೈ ಹಾಕಿದೆ. ಪ್ರತಿ ಇಮೇಲಿನ ಬುಡದಲ್ಲೂ ಇರುವೆಗಾತ್ರದ ಅಕ್ಷರದಲ್ಲಿ 'ಇನ್ನು ಕಳಿಸಬೇಡಿ' ಅನ್ನುವ ಜಾಗವಿರುತ್ತದೆ. ಒತ್ತಿದರೆ, ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ ಅಂತ ಅಳುವ ನಾಯಿಮರಿಯ ಚಿತ್ರ ತೋರಿಸುತ್ತಾರೆ. ಮದುವೆಯಾಗಿ ಹೊರಟಾಗ ನನ್ನ ಅಪ್ಪ ಅಮ್ಮನೂ ಅಷ್ಟು ಗೋಗರೆದಿರಲಿಲ್ಲ. ಒಂದಿಷ್ಟೂ ಕರಗದೆ ಎಲ್ಲರನ್ನೂ ಬಿಟ್ಟು ಹೋದೆ. ಕೆಳಗಿನ ಅಂಚೆಪೆಟ್ಟಿಗೆಗೆ 'ಜಾಹೀರಾತು ಹಾಕಬೇಡಿ' ಅಂತ ಕಾಗದ ಅಂಟಿಸಿದೆ. ಸಂಜೆಗೆಲ್ಲ ಅದರೊಳಗೆ ಒಂದು ಜಾಹೀರಾತು ಬಿದ್ದಿತ್ತು: ಅಂದವಾದ ಸ್ಟಿಕ್ಕರ್ ಅಚ್ಚು ಹಾಕಿಕೊಡುತ್ತಾರಂತೆ.

ಉಳಿದದ್ದು ಫೋನು. ನೋಂದಣಿ ಜಾರಿಗೆ ಬರಲು ಸ್ವಲ್ಪ ಸಮಯ ಬೇಕೆಂದಿದ್ದರು. ಅಲ್ಲಿಯವರೆಗೆ ಬೈದು ಇಡುವುದು ಇವರ ಪದ್ಧತಿ, ಅದರಿಂದ ನಯಾಪೈಸೆ ಉಪಯೋಗವಿಲ್ಲ. ನಾನು ಇವರ ಫೋನನ್ನು ಪಕ್ಕದಲ್ಲಿಟ್ಟುಕೊಂಡು, ಬಾಯಿಗೆ ಬೆಣ್ಣೆ ಸವರಿಕೊಂಡು ಕರೆ ಮಾಡಿದ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳಿದೆ: ನಿಮ್ಮ ಪಟ್ಟಿಯಲ್ಲಿ ಈ ನಂಬರ್ ಯಾರ ಹೆಸರಲ್ಲಿದೆ? ಹಾಸಿಗೆಯ ಹುಡುಗಿ ಹೇಳಿದ ಹೆಸರು ಕೇಳಿ ನನ್ನ ಸೂಜಿ ಅಲ್ಲೇ ನಿಂತಿತು. ಜಿಮ್ಮಿನವನೂ ಅದನ್ನೇ ಹೇಳಿದ. ಫಿಲ್ಟರಿನವರದೂ ಅದೇ. ಎಲ್ಲವೂ ನಮ್ಮ ಭಾವನ ಹೆಸರು.

ಭಾವ ಅಂದರೆ ಇವರ ಸ್ವಂತ ಅಣ್ಣ. ಅಣ್ಣ ತಮ್ಮ ಇಬ್ಬರೂ ಜೊತೆಯಾಗಿಯೇ ಲಿಫ್ಟ್ ಕೆಲಸ ಮಾಡುತ್ತಿದ್ದವರು. ಅಣ್ಣ ಮೇಲಿನ ಮೆಷಿನ್ ರೂಮಿನಲ್ಲಿ, ತಮ್ಮ ಕೆಳಗೆ ಲಿಫ್ಟಿನ ತಳದ ಗುಂಡಿಯಲ್ಲಿ. ದಿನವಿಡೀ ಫೋನಿನಲ್ಲೇ ಮಾತು: ಬಿಡು, ನಿಲ್ಲಿಸು, ಇನ್ನೊಂದು ಚೂರು ಬಿಡು. ಎರಡು ವರ್ಷದ ಹಿಂದೆ ಒಂದು ದಿನ ಇವರು ನಿಲ್ಲಿಸು ಅಂತ ಕಿರುಚಿದರೂ ಲಿಫ್ಟ್ ಇಳಿಯುತ್ತಲೇ ಬಂತು. ಗೋಡೆಗೆ ಅಂಟಿಕೊಂಡು ಹೇಗೋ ಬಚಾವಾದರು, ಮೊಣಕೈ ತರಚಿತು. ನನ್ನ ಜೀವ ನಿನಗೆ ಆಟದ ಸಾಮಾನಾ ಅಂತ ಇವರು, ನೀನು ಹೇಳಿದ್ದರೆ ತಾನೇ ನಿಲ್ಲಿಸೋದು ಅಂತ ಅವರು. ಸುಳ್ಳುಗಾರ ಅಂತ ಇಬ್ಬರೂ ಒಬ್ಬರನ್ನೊಬ್ಬರು ಕರೆದುಕೊಂಡರು. ಅಂದಿನಿಂದ ಮುಖ ಕಂಡರಾಗದು. ಗಂಡಸರ ಜಂಬಕ್ಕೆ ನಾನೂ ನನ್ನ ವಾರಗಿತ್ತಿಯೂ ದೂರವಾದೆವು. ಹಬೆಯಾಡುವ ಟೀ ಮುಂದಿಟ್ಟುಕೊಂಡು ಇಬ್ಬರೂ ಗಂಡಂದಿರನ್ನು ಆಡಿಕೊಳ್ಳುತ್ತಿದ್ದ ಆ ಮಧ್ಯಾಹ್ನಗಳು ನನಗೆ ಬೇಕಾಗಿದ್ದವು. ಆ ಮನೆಯ ಬಾಗಿಲು ಮತ್ತೆ ತೆರೆಯಲಿ ಅನ್ನುವ ಆಸೆ ನನಗೆ ಎಷ್ಟಿತ್ತೆಂದು ಇವರಿಗೆ ಗೊತ್ತೇ ಇರಲಿಲ್ಲ.

ಭಾವನ ಹೆಸರು ಹೇಳಿದ್ದೇ ತಡ, ಇವರು ಕೆಂಡವಾದರು. ಹೋದಲ್ಲೆಲ್ಲ ಬೇಕಂತಲೇ ನಮ್ಮ ನಂಬರ್ ಕೊಟ್ಟು ಹಗೆ ಸಾಧಿಸುತ್ತಿದ್ದಾನೆ ಅಂದರು. ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಮರುದಿನ ಇವರು ಊಟಕ್ಕೆ ಬಂದಿದ್ದಾಗ ಮತ್ತೆ ಫೋನ್ ಬಂತು. ಸ್ಪೀಕರಿಗೆ ಹಾಕಿ ಜಗಳಕ್ಕೆ ಸಿದ್ಧಳಾದೆ. ಅತ್ತ ಕಡೆಯ ಹೆಂಗಸು ಏನನ್ನೂ ಮಾರಲಿಲ್ಲ. ಕಿವಿ ಡಾಕ್ಟರ ಕ್ಲಿನಿಕ್ಕಿನವಳಂತೆ, ಭಾವನ ಹೆಸರು ಹೇಳಿ, ಅವರ ಮನೆಯವರಾ ಎಂದು ಕೇಳಿದಳು. ಕಿವಿ ಯಂತ್ರ ಬಂದಿದೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಹಾಕಿಸಿಕೊಳ್ಳಲು ಕರೆತನ್ನಿ, ಅವರಿಗೆ ಫೋನಿನಲ್ಲಿ ಕೇಳಿಸುವುದು ಕಷ್ಟ ಅಂದಳು. ಇವರ ಕೈ ತಟ್ಟೆಯಲ್ಲೇ ನಿಂತಿತು. ಎಷ್ಟು ದಿನದಿಂದ ಹೀಗಿರಬಹುದು ಅಂತ ತಾವೇ ಕೇಳಿದರು. ನಾಲ್ಕೈದು ವರ್ಷದಿಂದಲೇ ನಿಧಾನವಾಗಿ ಹೋಗಿರಬಹುದು, ಹೀಗಾಗುವವರಿಗೆ ಎಷ್ಟೋ ಸಲ ತಮಗೇ ಗೊತ್ತಾಗುವುದಿಲ್ಲ ಅಂದಳು ಆಕೆ.

ಫೋನ್ ಇಟ್ಟ ಮೇಲೆ ಇವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ಅವನಿಗೆ ಕೇಳಿಸೇ ಇಲ್ಲ ಕಣೇ," ಅಂದರು. "ನಾನು ಅವನನ್ನ ಸುಳ್ಳುಗಾರ ಅಂದುಬಿಟ್ಟೆ."

ಸುದ್ದಿ ಮುಟ್ಟಿಸಲೇಬೇಕಿತ್ತು. ಇವರು ಗಂಟಲು ಸರಿಮಾಡಿಕೊಂಡು ಅಣ್ಣನಿಗೆ ಫೋನ್ ಹಚ್ಚಿದರು. ಯಾರೆಂದು ನೋಡದೆ ಎತ್ತಿದ ಭಾವ, ಇವರು ಬಾಯಿ ತೆರೆಯುವ ಮೊದಲೇ, ಏನೋ ಮಾರುವವರೆಂದುಕೊಂಡು, ನಮಗೇನೂ ಬೇಡ, ಎಲ್ಲ ಇದೆ ಅಂತ ಹೇಳಿ ಇಟ್ಟರು. ಮತ್ತೆ ಮಾಡಿದರೆ ಮತ್ತೆ ಅದೇ. ಮೂರನೆಯ ಸಲ, ನಿಮಗೆ ಮಾನ ಮರ್ಯಾದೆ ಇಲ್ಲವಾ ಅಂತ ಬೈಸಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ದುರುಗುಟ್ಟಿ ನೋಡಿದ ಇವರೂ ಕೊನೆಗೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಬೆಳಿಗ್ಗೆ ನಾವೇ ಹೋದೆವು. ಬಾಗಿಲು ತೆರೆದ ಭಾವ ತಮ್ಮನನ್ನು ಕಂಡು ಕಲ್ಲಾಗಿ ನಿಂತರು. ಅವರ ಹಿಂದಿನಿಂದ ಇಣುಕಿದ ವಾರಗಿತ್ತಿ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಕಿವಿ ಡಾಕ್ಟರು ಕರೆದಿದ್ದಾರೆ ಅಂತ ಇವರು ಎಷ್ಟು ಜೋರಾಗಿ ಹೇಳಿದರೆಂದರೆ, ಆ ಮಹಡಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ನಿನಗ್ಯಾರು ಹೇಳಿದರು ಅಂತ ಭಾವ ಕಣ್ಣು ಕಿರಿದು ಮಾಡಿದರು. ನಿನ್ನ ಹಾಸಿಗೆ, ನಿನ್ನ ಜಿಮ್ಮು, ನಿನ್ನ ಫಿಲ್ಟರು, ಎಲ್ಲ ನನಗೇ ಹೇಳುತ್ತಾರೆ ಅಂತ ಇವರು ಅದೇ ದನಿಯಲ್ಲಿ ಅಂದರು.

ನನಗೆ ಮಾತ್ರ ಒಂದು ಕೇಳದೆ ಇರಲಾಗಲಿಲ್ಲ. ಭಾವನ ಕಿವಿಯ ಹತ್ತಿರ ಹೋಗಿ, ಹೋದಲ್ಲೆಲ್ಲ ನಮ್ಮ ನಂಬರ್ ಯಾಕೆ ಕೊಡುತ್ತೀರಿ ಅಂದೆ. ಅವರು ತಬ್ಬಿಬ್ಬಾದರು. ಕೊಡುತ್ತಿರುವುದು ನಮ್ಮ ನಂಬರ್ ಅನ್ನುವುದೇ ಅವರ ಗಮನಕ್ಕೆ ಬಂದಿರಲಿಲ್ಲ.

"ನಂಬರ್ ಹೇಳಿ ಅಂದ್ರೆ ನನ್ನ ಬಾಯಿಗೆ ಬರೋದು ಅದೊಂದೇ ಕಣಮ್ಮ," ಅಂದರು. "ನನ್ನ ನಂಬರಿಗೆ ನಾನ್ಯಾವತ್ತು ಫೋನ್ ಮಾಡಿದೀನಿ? ದಿನಾ ಮಾಡ್ತಿದ್ದಿದ್ದು ಇವನಿಗೇ ತಾನೇ."

ಇವರು ಬಗ್ಗಿ, ಬಾಗಿಲ ಪಕ್ಕದಲ್ಲಿದ್ದ ಅಣ್ಣನ ಚಪ್ಪಲಿಯನ್ನು ಅವರ ಕಾಲಿನ ಬಳಿಗೆ ಸರಿಸಿದರು.

"ನಡಿ, ಹೊತ್ತಾಯ್ತು," ಅಂದರು. "ಅಲ್ಲೂ ನಂಬರ್ ಕೇಳ್ತಾರೆ. ಅದನ್ನೇ ಕೊಡು."